ನೀರು ಕಾಣದ ಸಟ್ಟುಗ

ಆಯುಧಪೂಜೆ ಕಳೆದ ನಾಲ್ಕನೇ ದಿನ ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಪಾಲಮ್ಮನ ಎರಡು ಕೈಗೂ ಮೊಣಕೈವರೆಗೆ ಸಗಣಿ ಬಳಿದು, ಕೇರಿಯ ಈ ತುದಿಯಿಂದ ಆ ತುದಿಗೆ ನಡೆಸಿದರು. ಇನ್ನು ಮುಂದೆ ಅವಳು ಯಾರ ಮನೆಯ ಒಲೆಯನ್ನೂ ಮುಟ್ಟಬಾರದು ಎಂದು ಹೇಳಿದರು. ಆಮೇಲೆ ಎಲ್ಲರೂ ಮಗ್ಗಕ್ಕೆ ಹೋದರು.

ಪಾಲಮ್ಮ ಮನೆಗೆ ಬಂದು ಹಿತ್ತಲಲ್ಲಿ ಕೂತು ಕೈ ತೊಳೆದಳು. ಒಂದು ಸಲ ತೊಳೆದಳು, ಎರಡು ಸಲ ತೊಳೆದಳು. ಮೂರನೇ ಸಲಕ್ಕೆ ನೀರು ಸೇದೋಕೂ ಬೇಜಾರಾಗಿ ಸುಮ್ಮನೆ ಕೂತಳು. ಅಳು ಬರಲಿಲ್ಲ. ಐವತ್ತರ ಹತ್ತಿರದ ಹೆಂಗಸು, ಗಂಡ ಸತ್ತು ಹದಿನೆಂಟು ವರ್ಷ ಆಗಿತ್ತು. ಸೋಮಶೇಖರಪ್ಪನವರ ಎಂಟು ಮಗ್ಗದ ಮನೆಯಲ್ಲಿ ಕಚ್ಚಾ ರೇಷ್ಮೆ ಬೇಯಿಸಿ ಅಂಟು ತೆಗೆಯೋದು ಅವಳ ದಿನದ ಕೆಲಸ. ಹಬ್ಬ ಬಂದರೆ ಆ ಮನೆಯ ದೊಡ್ಡ ಒಲೆ ಅವಳ ಪಾಲು. ಅವಳ ಒಬ್ಬನೇ ಮಗ ಮಾರಣ್ಣ ಅದೇ ಮನೆಯ ಮೂರನೇ ಮಗ್ಗದಲ್ಲಿ ನೇಯುತ್ತಿದ್ದ. ಅಳೋಕೆ ಬಿಡುವೇ ಸಿಗದಷ್ಟು ವರ್ಷ ಕಳೆದ ಮೇಲೆ ಅಳೋದು ಹೇಗೆ ಅನ್ನೋದೇ ಮರೆತುಹೋಗುತ್ತದೆ.

ಆದದ್ದಿಷ್ಟು. ಆಯುಧಪೂಜೆಯ ದಿನ ಸೋಮಶೇಖರಪ್ಪನವರ ಮನೆಯಲ್ಲಿ ಎಲ್ಲ ಸಾಮಾನೂ ಮಗ್ಗದ ಮುಂದೆ ಇಡುತ್ತಾರೆ. ಲಾಳಿ, ಕತ್ತರಿ, ನೂಲು ಬಡಿಯುವ ಹಣಿಗೆ, ಅವುಗಳ ಪಕ್ಕದಲ್ಲೇ ಅಡುಗೆಮನೆಯ ಹಿತ್ತಾಳೆ ಸಟ್ಟುಗ. ಎಲ್ಲಕ್ಕೂ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ಎರಡು ದಿನ ಮುಟ್ಟೋದಿಲ್ಲ. ಸಟ್ಟುಗಕ್ಕೆ ಮಾತ್ರ ಎಣ್ಣೆಯ ಬದಲು ತುಪ್ಪ. ಮೂರನೇ ದಿನ ಮಗ್ಗ ಮತ್ತೆ ಓಡುತ್ತದೆ, ಅವತ್ತು ಮಧ್ಯಾಹ್ನ ನೇಕಾರರಿಗೆಲ್ಲ ಊಟ. ಒಬ್ಬಟ್ಟು, ಹುಳಿಯನ್ನ, ಮಜ್ಜಿಗೆ.

ಊಟದ ಹಿಂದಿನ ಸಂಜೆ ಪಾಲಮ್ಮ ಹುಳಿಗೊಜ್ಜು ಕಾಯಿಸುತ್ತಿದ್ದಳು. ಚಳ್ಳಕೆರೆ ಗಾಣದ ಎಣ್ಣೆ ಧಾರಾಳ ಸುರಿದು, ಹುಣಸೆರಸ ಗಟ್ಟಿ ಮಾಡಿ, ಎಣ್ಣೆ ಮೇಲೆ ತೇಲೋವರೆಗೂ ಕುದಿಸೋ ಗೊಜ್ಜು. ಮನೆಯೊಡತಿ ಸುಲೋಚನಮ್ಮ ಪೂಜೆಯ ಸಟ್ಟುಗವನ್ನು ಎತ್ತಿಕೊಂಡು ಬಂದರು. ತುಪ್ಪ ಹಳಸಿ ಅಂಟಂಟಾಗಿತ್ತು.

"ತೊಳೆದುಬಿಡ್ಲೇನ್ರಿ ಅಮ್ಮಾರೇ?" ಅಂದಳು ಪಾಲಮ್ಮ.

"ಏನಂದೆ? ಪೂಜೆ ಆದ ಹಣಿಗೆಗೆ ನೀರು ಹಾಕ್ತೀಯೇನೇ ನೀನು?"

"ಹಣಿಗೆಗೆ ಯಾಕೆ ಹಾಕ್ಲಿ. ಇದು ಸಟ್ಟುಗ ಅಲ್ಲೇನ್ರಿ."

"ಅದರ ಪಕ್ಕದಲ್ಲೇ ಕೂತು ಪೂಜೆ ಮಾಡಿಸ್ಕೊಂಡೈತೆ. ಅದಕ್ಕೊಂದು ನೇಮ, ಇದಕ್ಕೊಂದು ನೇಮ ಇರ್ತದೇನು? ಹಂಗೇ ಗೊಜ್ಜಿಗೆ ಹಾಕು. ಬೆಳಗ್ಗೆವರೆಗೂ ಅದು ಪಾತ್ರೆಯಿಂದ ಈಚೆ ಬರಬಾರದು."

ನೋಡಿ, ಹಣಿಗೆಗೆ ನೀರು ಹಾಕಬಾರದು ಅನ್ನೋದು ನಿಜ. ನೀರು ತಾಕಿದರೆ ಹಣಿಗೆ ತುಕ್ಕು ಹಿಡಿಯುತ್ತದೆ, ಒಂದು ಸೀರೆಯ ರೇಷ್ಮೆ ಹಾಳಾಗುತ್ತದೆ. ಅದಕ್ಕೇ ಎಣ್ಣೆ ಒರೆಸಿ ಇಡುತ್ತಾರೆ. ನೇಯುವವರು ಅನುಭವದಿಂದ ಕಂಡುಕೊಂಡ ಬುದ್ಧಿ ಅದು. ಆ ಬುದ್ಧಿ ನೇಕಾರರು ಕಾಲಿಳಿಸಿ ಕೂರುವ ಮಗ್ಗದ ಗುಂಡಿಯಿಂದ ಎದ್ದು ಅಡುಗೆಮನೆಗೆ ಹೋಗಿ ಕೂತಾಗ ನೇಮ ಆಯಿತು. ನೇಮ ಆದಮೇಲೆ ಯಾಕೆ ಅಂತ ಕೇಳುವವರು ಇರೋದಿಲ್ಲ.

ಸಟ್ಟುಗ ಬೆಳಗ್ಗೆವರೆಗೂ ಗೊಜ್ಜಿನಲ್ಲೇ ನಿಂತಿತ್ತು. ಮಧ್ಯಾಹ್ನ ಉಂಡವರಲ್ಲಿ ಹದಿನೇಳು ಜನ ಹೊತ್ತು ಮುಳುಗೋದರೊಳಗೆ ಹೊಟ್ಟೆ ಹಿಡಿದುಕೊಂಡು ಮಲಗಿದರು. ವಾಂತಿಯೋ ವಾಂತಿ. ಪಾಲಮ್ಮನ ಸೊಸೆ ಎರ್ರಮ್ಮನೂ ಅವರಲ್ಲಿ ಒಬ್ಬಳು. ಐದು ತಿಂಗಳ ಬಸುರಿ, ಹುಳಿ ಅಂದರೆ ಪ್ರಾಣ, ಎರಡು ಸಲ ಹಾಕಿಸಿಕೊಂಡು ತಿಂದಿದ್ದಳು. ಎರಡು ದಿನ ಅವಳು ಏಳಲಿಲ್ಲ. ಹೊಟ್ಟೆಯಲ್ಲಿದ್ದದ್ದು ಉಳಿಯಿತು.

ಅಡುಗೆ ಮಾಡಿದ್ದು ಯಾರು? ಪಾಲಮ್ಮ. ಅವಳೇನು ಮುತ್ತೈದೆಯಾ? ಅಲ್ಲ. ಅಲ್ಲಿಗೆ ಮಾತು ಮುಗಿಯಿತು. ಹಿತ್ತಾಳೆಗೆ ಯಾರೂ ಸಗಣಿ ಬಳಿಯಲಿಲ್ಲ.

ಅವತ್ತಿನಿಂದ ಪಾಲಮ್ಮ ತನ್ನ ಮನೆಯಲ್ಲೂ ಒಲೆ ಮುಟ್ಟಲಿಲ್ಲ. ಬಸುರಿ ಸೊಸೆ ಏದುಸಿರು ಬಿಡುತ್ತ ಮುದ್ದೆ ತೊಳಸುವಾಗ ಅವಳು ಹೊಸ್ತಿಲಾಚೆ ಕೂತಿರುತ್ತಿದ್ದಳು.

"ಅವ್ವ, ಸಾರು ಬಡಿಸು," ಅಂತ ಮಾರಣ್ಣ ತಟ್ಟೆ ಹಿಡಿದ.

"ಎರ್ರಮ್ಮ ಬಡಿಸ್ತಾಳೆ ತೊಗೊ."

"ಎರ್ರಮ್ಮನಿಗೆ ಬಗ್ಗೋಕಾಗಲ್ಲ. ನಿನ್ನ ಕೈಗೇನಾಗೈತೆ?"

"ಏನಾಗೈತೋ ಗೊತ್ತಿದ್ರೆ ಹೇಳ್ತಿದ್ನಲ್ಲ," ಅಂದಳು ಪಾಲಮ್ಮ. "ಏನೋ ಐತೆ. ಊರಿಗೆ ಊರೇ ಹೇಳ್ತೈತೆ. ಬೇಡ ಕಣೋ. ಆ ಹುಡುಗಿ ಹೊಟ್ಟೇಲಿ ಜೀವ ಐತೆ."

ಎರ್ರಮ್ಮ ಒಲೆ ಕಡೆಯೇ ಮುಖ ಮಾಡಿಕೊಂಡಿದ್ದಳು. ಹಾಗಲ್ಲ ಅತ್ತಮ್ಮ ಅನ್ನಲಿಲ್ಲ. ಪಾಲಮ್ಮ ಅದನ್ನೂ ಗಮನಿಸಿದಳು. ಸೊಸೆಯ ಮೇಲೆ ಸಿಟ್ಟು ಬರಲಿಲ್ಲ. ತನಗೇ ತನ್ನ ಕೈ ಮೇಲೆ ನಂಬಿಕೆ ಇಲ್ಲದಾಗ ಇನ್ನೊಬ್ಬರ ಮೇಲೆ ಏನಂತ ಸಿಟ್ಟು ಮಾಡೋದು?

ಹದಿನೈದು ದಿನ ಕಳೆದು ಚಳ್ಳಕೆರೆಯಿಂದ ಕಲಾಯಿ ಬುಡೇನ್ ಸಾಬ್ ಬಂದ. ವರ್ಷಕ್ಕೊಂದು ಸಲ ಎತ್ತಿನ ಗಾಡಿಯಲ್ಲಿ ತಿದಿ, ಇದ್ದಿಲು, ತವರ, ನವಸಾಗರ ಹೇರಿಕೊಂಡು ಬಂದು ಕೇರಿ ಬಾಯಲ್ಲಿ ಬೇವಿನ ಮರದ ಕೆಳಗೆ ಒಲೆ ಹೂಡುತ್ತಿದ್ದ. ಮನೆಮನೆಯ ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಒಳಗೆ ಬೆಳ್ಳಗೆ ತವರ ಹಚ್ಚಿ ಕೊಡುತ್ತಿದ್ದ. ಅವನ ಹೆಂಡತಿ ಗುಲ್ಷನ್ ಬೀ ತಿದಿ ಒತ್ತುತ್ತಿದ್ದಳು, ಪಾತ್ರೆ ತಿಕ್ಕುತ್ತಿದ್ದಳು, ಮನೆಗಳಿಗೆ ಹೋಗಿ ಪಾತ್ರೆ ಈಸಿಕೊಂಡು ಬರುತ್ತಿದ್ದಳು. ಅವಳು ತಂದುಕೊಟ್ಟ ಪಾತ್ರೆ ಮೇಲೆ ಮನೆಯವರು ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಗುಲ್ಷನ್ ಬೀ ಅದನ್ನು ನೋಡಿಯೂ ನೋಡದ ಹಾಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

ಅವಳು ಪಾಲಮ್ಮನ ಜಗಲಿಗೆ ಬಂದು ದೊಪ್ಪನೆ ಕೂತಳು.

"ಏನ್ ಪಾಲಕ್ಕ, ದೊಡ್ಡಮನೆ ಒಲೆ ಮುಂದೆ ಬೇರೆ ಯಾರೋ ಕೂತವ್ರಲ್ಲ. ನಿನಗೇನು ಪಿಂಚಣಿ ಕೊಟ್ರಾ?"

ಪಾಲಮ್ಮ ಹೇಳಬಾರದು ಅಂದುಕೊಂಡಿದ್ದಳು. ಹೇಳೋಕೆ ಶುರುಮಾಡಿದ ಮೇಲೆ ನಿಲ್ಲಿಸೋಕಾಗಲಿಲ್ಲ. ಸಗಣಿ ಬಳಿದದ್ದರವರೆಗೂ ಹೇಳಿದಳು. ಗುಲ್ಷನ್ ಬೀ ಎಲೆಯಡಿಕೆ ಅಗಿಯೋದು ನಿಲ್ಲಿಸಿದಳು.

"ಹೊಟ್ಟೆ ಕೆಟ್ಟವರೆಲ್ಲ ಬಾಯಿ ಹೆಂಗಿತ್ತು ಅಂದ್ರು?"

"ಬಾಯಿ?"

"ರುಚಿ ಅಮ್ಮ, ರುಚಿ. ತಾಮ್ರದ ಕಾಸು ಬಾಯಲ್ಲಿ ಇಟ್ಕೊಂಡಂಗೆ ಇತ್ತಾ?"

ಒಳಗಿಂದ ಎರ್ರಮ್ಮ ಹೇಳಿದಳು, "ಇತ್ತು. ಎರಡು ದಿನ ಹಂಗೇ ಇತ್ತು." ಹದಿನೈದು ದಿನದಲ್ಲಿ ಆ ವಿಷಯದ ಬಗ್ಗೆ ಅವಳಾಡಿದ ಮೊದಲ ಮಾತು ಅದು.

"ಹುಳಿಯನ್ನ ತಿಂದವರಿಗೆ ಆಯ್ತೋ, ಒಬ್ಬಟ್ಟು ತಿಂದವರಿಗೂ ಆಯ್ತೋ?"

ಎರ್ರಮ್ಮ ಬಾಗಿಲಿಗೆ ಬಂದು ಯೋಚಿಸಿದಳು. "ಸಿದ್ದಕ್ಕ ಹುಳಿ ಮುಟ್ಟಲ್ಲ, ವ್ರತ. ಅವಳು ಆರು ಒಬ್ಬಟ್ಟು ತಿಂದು ಗುಂಡುಕಲ್ಲಿನಂಗೆ ಇದ್ಲು. ಯಜಮಾನ್ರ ಮನೆಯವರೂ ಒಬ್ಬಟ್ಟಷ್ಟೇ ತಿಂದಿದ್ದು."

"ಒಬ್ಬಟ್ಟಿನ ಹಿಟ್ಟು ಕಲೆಸಿದ್ದು ಯಾರ ಕೈ?"

"ಅತ್ತಮ್ಮಂದೇ."

"ತಟ್ಟಿದ್ದು?"

"ಅತ್ತಮ್ಮನೇ."

"ಮಗುಚಿದ್ದು?"

"ಕಬ್ಬಿಣದ ಸಟ್ಟುಗದಲ್ಲಿ," ಅಂದಳು ಪಾಲಮ್ಮ.

"ಅಂದ್ರೆ ಈ ನಿನ್ನ ಕೈ ಒಬ್ಬಟ್ಟಿಗೆ ಬಂದಾಗ ಅಮೃತ, ಹುಳಿಯನ್ನಕ್ಕೆ ಹೋದಾಗ ವಿಷ. ಭಾರಿ ಹುಷಾರ್ ಕೈ ಕಣಮ್ಮ ನಿಂದು!" ಗುಲ್ಷನ್ ಬೀ ನಕ್ಕಳು. ಪಾಲಮ್ಮ ನಗಲಿಲ್ಲ. "ಕೈಯಲ್ಲ ಪಾಲಕ್ಕ. ಕಿಲುಬು. ಆ ಸಟ್ಟುಗಕ್ಕೆ ಕಲಾಯಿ ಆಗಿ ಎಷ್ಟು ವರ್ಷ ಆಯ್ತು ಗೊತ್ತಾ? ನಾನು ಈ ಊರಿಗೆ ಬರೋಕೆ ಶುರುಮಾಡಿದಾಗಿಂದ ಒಂದು ಸಲನೂ ಕೊಟ್ಟಿಲ್ಲ. ಪೂಜೆದು ಬೆಂಕಿಗೆ ಹಾಕಬಾರದು ಅಂತಾರೆ ನಿಮ್ಮ ಅಮ್ಮಾರು."

"ಅಷ್ಟು ಜನ ಹೇಳಿದ್ದು ಸುಳ್ಳಾಗ್ತದಾ ಬೀಬಮ್ಮ?" ಪಾಲಮ್ಮನ ದನಿ ಸೋತಿತ್ತು. "ನೀನು ನನ್ನ ಮೇಲಿನ ಪ್ರೀತಿಗೆ ಹೇಳ್ತೀಯ."

"ಪ್ರೀತಿಗೆ ಯಾಕೆ ಹೇಳ್ಲಿ? ಹೋದ ವರ್ಷ ನೀನು ಕೊಟ್ಟ ಕಡ್ಲೆಕಾಯಲ್ಲಿ ಅರ್ಧ ಜೊಳ್ಳಿತ್ತು." ಗುಲ್ಷನ್ ಬೀ ಎದ್ದಳು. "ತಾ, ನಿನ್ನ ಮನೇಲಿರೋ ಹಿತ್ತಾಳೆ ಸೌಟು ಯಾವುದಾದ್ರೂ ಕೊಡು. ಎರಡು ಕೊಡು. ನೀನು ಮುಟ್ಟಬೇಡ, ಎರ್ರಮ್ಮ ಕೊಡ್ಲಿ."

ಮನೆಯಲ್ಲಿ ಎರಡು ಸಣ್ಣ ಸೌಟುಗಳಿದ್ದವು. ಎರಡೂ ಹಳದಿಯಾಗಿ ಸವೆದಿದ್ದವು. ಗುಲ್ಷನ್ ಬೀ ಎರಡನ್ನೂ ತೆಗೆದುಕೊಂಡು ಹೋದಳು. ಬೇವಿನ ಮರದ ಕೆಳಗಿಂದ ಬುಡೇನ್ ಸಾಬ್ ಕೂಗುತ್ತಿದ್ದ.

"ಮಾತು ಮುಗೀತಾ ಬೇಗಂ ಸಾಹೇಬರದ್ದು? ತಿದಿ ಯಾರು ಒತ್ತೋದು, ಕಾಗೆ ಒತ್ತುತ್ತಾ?"

"ಯಾಕೆ, ನಿಮ್ಮ ಕಾಲೇನು ಮಗ್ಗದ ಗುಂಡೀಲಿ ಸಿಕ್ಕೊಂಡೈತಾ?"

ಒಂದು ಸೌಟಿಗೆ ಕಲಾಯಿ ಆಯಿತು. ಇನ್ನೊಂದನ್ನು ಹಾಗೇ ಬಿಟ್ಟರು. ಎರಡಕ್ಕೂ ಎರ್ರಮ್ಮನ ಕೈಯಿಂದಲೇ ಒಂದಿಷ್ಟು ತುಪ್ಪ ಸವರಿಸಿ, ಹುಣಸೆರಸ ಹಚ್ಚಿಸಿ, ಮಾಡಿನ ಗೂಡಲ್ಲಿ ಇಡಿಸಿದರು. ಎರಡು ದಿನ ಬಿಟ್ಟು ಮಾರಣ್ಣ ಕೆಳಗಿಳಿಸಿದ. ಕಲಾಯಿ ಆದದ್ದು ಬೆಳ್ಳಗೇ ಇತ್ತು. ಸವೆದದ್ದರ ಕತ್ತಿನಲ್ಲಿ, ಹಿಡಿ ಸೇರುವ ಮೊಳೆಯ ಸುತ್ತ, ಗಿಣಿಯ ಪುಕ್ಕದ ಬಣ್ಣದ ಕಿಲುಬು ಎದ್ದಿತ್ತು.

ಪಾಲಮ್ಮ ಅದನ್ನು ಮುಟ್ಟಿರಲಿಲ್ಲ. ಹತ್ತಿರಕ್ಕೂ ಹೋಗಿರಲಿಲ್ಲ. ಆದರೂ ಅದು ಎದ್ದಿತ್ತು.

"ದೊಡ್ಡಮನೆ ಸಟ್ಟುಗ ನನ್ನ ಮಗ್ಗದ ಪಕ್ಕದ ಗೋಡೆಗೇ ತೂಗಾಡ್ತೈತೆ," ಅಂದ ಮಾರಣ್ಣ. ಮರುದಿನ ಮಧ್ಯಾಹ್ನ ಉಣ್ಣೋಕೆ ಬಂದಾಗ ಅವನು ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿದ. ಸಟ್ಟುಗದ ಕತ್ತನ್ನು ಉಗುರಲ್ಲಿ ಕೆರೆದಿದ್ದನಂತೆ. ಉಗುರಿನೊಳಗೆ ಹಸಿರು ಜಿಡ್ಡು ಮೆತ್ತಿಕೊಂಡಿತ್ತು.

"ಹೋಗಿ ಮೊದಲು ಕೈ ತೊಳಿ," ಅಂದಳು ಪಾಲಮ್ಮ. ಹದಿನೆಂಟು ದಿನದಲ್ಲಿ ಅವಳು ದನಿ ಎತ್ತಿ ಆಡಿದ ಮೊದಲ ಮಾತು. "ತಣ್ಣೀರಲ್ಲಲ್ಲ. ಬಿಸಿನೀರು ತೊಗೊ."

ಎರ್ರಮ್ಮನಿಗೆ ಮಾತ್ರ ಪೂರ್ತಿ ಸಮಾಧಾನ ಆಗಿರಲಿಲ್ಲ. ಸಂಜೆ ಗುಲ್ಷನ್ ಬೀ ಜಗಲಿಗೆ ಬಂದಾಗ ಅವಳೇ ಕೆದಕಿದಳು.

"ಅಲ್ಲ ಬೀಬಮ್ಮ, ನಮ್ಮನೆ ಹಿತ್ತಾಳೆನ ದಿನಾ ಹುಣಸೆಹಣ್ಣು ಬೂದಿ ಹಾಕಿ ತಿಕ್ತೀನಿ. ಫಳಫಳ ಅಂತದೆ. ಅಷ್ಟು ಸಾಲದಾ?"

"ಮುಖ ತೊಳೆದು ಕಿವಿ ಹಿಂದೆ ಬಿಟ್ಟಂಗಾಯ್ತು. ಹೊಳೆಯೋದೇ ಬೇರೆ, ಚೊಕ್ಕಟ ಆಗೋದೇ ಬೇರೆ. ನೋಡಿಲ್ಲಿ, ಈ ಮೊಳೆ ಸುತ್ತ ತಿಕ್ಕಿದ್ದೀಯಾ? ಈ ಹಿಡಿ ಟೊಳ್ಳು. ಒಳಗೆ ಯಾವ ಹಬ್ಬದ ಎಣ್ಣೆ ಕೂತೈತೋ ಆ ದೇವರಿಗೇ ಗೊತ್ತು. ಇನ್ನು ಕಲಾಯಿ ಹೋಗಿ ಹಳದಿ ಕಂಡಮೇಲೆ ಎಷ್ಟು ತಿಕ್ಕಿದ್ರೂ ಹುಳಿಗೆ ಅದು ಆಗಲ್ಲ. ಮಜ್ಜಿಗೆಗೂ ಬೇಡ, ತುಪ್ಪದಲ್ಲಿ ಬಿಡೋಕಂತೂ ಬೇಡವೇ ಬೇಡ."

"ಜಿಡ್ಡು ಹೋಗಬೇಕಲ್ಲ," ಅಂದಳು ಎರ್ರಮ್ಮ. "ಬೂದಿ ಹಾಕಿದ್ರೂ ಕೈಗೆ ಜಾರ್ತಾನೇ ಇರ್ತದೆ."

ಆಗ ಪಾಲಮ್ಮ ಮಾತಾಡಿದಳು. ಮೆಲ್ಲಗೆ, ತನಗೇ ಹೇಳಿಕೊಳ್ಳೋ ಹಾಗೆ.

"ಕಚ್ಚಾ ರೇಷ್ಮೆ ಅಂಟು ತಣ್ಣೀರಲ್ಲಿ ಬಿಡುತ್ತೇನೇ? ದಿನವಿಡೀ ನೆನೆಹಾಕಿದ್ರೂ ಬಿಡಲ್ಲ. ಚೌಳು ಮಣ್ಣಿನ ತಿಳಿನೀರು ಹಾಕಿ ಕುದಿಸಬೇಕು. ಕುದಿ ಬಂದಾಗ ತಾನೇ ಬಿಡ್ತದೆ, ಎಳೆ ಎಳೆ ಬಿಚ್ಚಿಕೊಳ್ತದೆ. ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ. ರೇಷ್ಮೆಗೆ ಮಾಡಿದ್ದನ್ನ ಸಟ್ಟುಗಕ್ಕೆ ಯಾಕೆ ಮಾಡಬಾರದು ಅಂತ ಒಂದಿನ ಹೊಳೀಲಿಲ್ಲ ನನಗೆ."

"ನೋಡು, ಗುರು ಇಲ್ಲೇ ಕೂತಿದ್ದಾಳೆ. ನಾನು ಸುಮ್ನೆ ಬಾಯಿ ನೋಯಿಸ್ಕೊಂಡೆ," ಅಂದಳು ಗುಲ್ಷನ್ ಬೀ.

ಮರುದಿನ ಬೆಳಗ್ಗೆ ಮೂವರು ಹೆಂಗಸರೂ ಹಿತ್ತಲಲ್ಲಿ ಕೂತು ಮಾಡಿ ನೋಡಿದರು. ಜಿಡ್ಡಿನ ಸೌಟನ್ನು ಒಲೆಗೆ ಹಿಡಿದು, ಬಿಸಿ ಇದ್ದಾಗಲೇ ಮುತ್ತುಗದ ಎಲೆಯಿಂದ ಒರೆಸಿದರು. ಎಲೆಗೇ ಅರ್ಧ ಜಿಡ್ಡು ಬಂತು. ಆಮೇಲೆ ಚೌಳಿನ ಬದಲು ಕುದಿಯುವ ಬೂದಿನೀರಲ್ಲಿ ಅದ್ದಿಟ್ಟರು. ಅಂಟುವಾಳಕಾಯಿ ನೊರೆ ಮಾಡಿ ತೆಂಗಿನ ನಾರಿನಿಂದ ಕತ್ತು, ಮೊಳೆ, ಹಿಡಿಯ ಸಂದು ತಿಕ್ಕಿದರು. ಮೂರು ಸಲ ಒಳ್ಳೆ ನೀರಲ್ಲಿ ಜಾಲಿಸಿ ಬಿಸಿಲಿಗೆ ತೂಗುಹಾಕಿದರು. ಎರ್ರಮ್ಮ ಒಣಗಿದ ಸೌಟಿನ ಮೇಲೆ ಬೆರಳು ಎಳೆದಳು. ಬೆರಳು ಕಿರ್ ಅಂತು, ಜಾರಲಿಲ್ಲ. ಮೂಗಿಗೆ ಹಿಡಿದಳು. ವಾಸನೆ ಇರಲಿಲ್ಲ.

"ಹುಳಿ ಪದಾರ್ಥಕ್ಕೆ ಮರದ್ದು ಮಾಡಿಸ್ಕೊ," ಅಂದಳು ಗುಲ್ಷನ್ ಬೀ. "ನನ್ನ ಗಂಡನ ಕಿವಿಗೆ ಬಿದ್ರೆ ಕಸುಬು ಕೆಡಿಸ್ತೀಯ ಅಂತ ಬೈತಾನೆ. ಆದ್ರೂ ನಿಜ ನಿಜವೇ."

ಮಾರಣ್ಣ ಉತ್ಸಾಹದಿಂದ ಒಂದು ಮುರಿದ ಲಾಳಿ ತಂದ. "ಇದು ಕಲ್ಲಿನಂಥಾ ಮರ. ಇದರಲ್ಲೇ ಕೆತ್ತಿಬಿಡ್ಲಾ ಅವ್ವ?"

"ಅದಕ್ಕೆ ಎಷ್ಟು ವರ್ಷದ ಎಣ್ಣೆ ಕುಡಿಸಿದ್ದೀಯ? ಎಷ್ಟು ಬಣ್ಣ ಹೀರೈತೆ?" ಅಂದಳು ಪಾಲಮ್ಮ. "ಮಗ್ಗದ್ದು ಮಗ್ಗದಲ್ಲೇ ಇರ್ಲಿ. ಬಡಗಿ ಹತ್ರ ಹೋಗು. ಹುಣಸೆ ಮರದ್ದು, ಒಂದೇ ತುಂಡು, ಸೀಳು ಇರಬಾರದು, ಗಂಟು ಇರಬಾರದು. ಹಿಡಿ ಬೇರೆ ಮಾಡಿ ಜೋಡಿಸೋದು ಬೇಡ ಅನ್ನು."

ಹುಣಸೆಯ ಸಟ್ಟುಗ ಬಂತು. ಅದರಲ್ಲಿ ಪಾಲಮ್ಮ ಮಣ್ಣಿನ ಮಡಕೆಯಲ್ಲಿ ಹುಳಿಗೊಜ್ಜು ಕಾಯಿಸಿದಳು. ಯಾರೂ ಹೇಳಿರಲಿಲ್ಲ. ಅವಳೇ ಒಲೆ ಮುಂದೆ ಕೂತಳು. ಗೊಜ್ಜು ಇಳಿಸಿದ ಕೂಡಲೇ ಸಟ್ಟುಗ ಹೊರಗೆ ತೆಗೆದು ಒರೆಸಿ ಬಿಸಿನೀರಿಗೆ ಹಾಕಿದಳು. ಅನ್ನ ಕಲೆಸಿ ಹೊರಗೆ ತಂದಿಟ್ಟಳು.

ಮೊದಲು ಜಗಲಿ ಮೇಲೆ ಕೂತು ಗುಲ್ಷನ್ ಬೀ ಉಂಡಳು. "ಉಪ್ಪು ಒಂದು ಕಲ್ಲು ಕಮ್ಮಿ," ಅಂದಳು. ಮಾರಣ್ಣ ಉಂಡ, ಬೆರಳು ನೆಕ್ಕಿದ. ಎರ್ರಮ್ಮ ತಟ್ಟೆ ಮುಂದಿಟ್ಟುಕೊಂಡಳು, ಕೈ ಹಾಕಲಿಲ್ಲ. ಹುಳಿಯ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಒಂದು ಕೈ ಹೊಟ್ಟೆ ಮೇಲಿತ್ತು. ಪಾಲಮ್ಮ ತಿನ್ನು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅಷ್ಟೊಂದು ದಣಿವಾಗಿತ್ತು ಅವಳಿಗೆ.

"ಅತ್ತಮ್ಮ," ಅಂದಳು ಎರ್ರಮ್ಮ.

"ಏನೇ?"

"ತಟ್ಟೇಲಿ ಬೇಡ. ನೀನೇ ತುತ್ತು ಮಾಡಿ ಕೊಡು."

ಪಾಲಮ್ಮ ತುತ್ತು ಮಾಡಿಕೊಟ್ಟಳು. ಸಂಜೆಯಾಯಿತು, ಬೆಳಗಾಯಿತು. ಯಾರಿಗೂ ಏನೂ ಆಗಲಿಲ್ಲ. ಎರ್ರಮ್ಮ ಎದ್ದು ಮಡಕೆಯ ತಳದಲ್ಲಿ ಏನಾದರೂ ಉಳಿದಿದೆಯಾ ಅಂತ ಬಗ್ಗಿ ನೋಡುತ್ತಿದ್ದಳು.

ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅವ್ವಂದಿರೇ, ಕಥೆ ಇನ್ನೂ ಸ್ವಲ್ಪ ಇದೆ. ಅದನ್ನು ಹೇಳುವ ಮುಂಚೆ ಒಂದು ಕೆಲಸ ಮಾಡಿ. ಈಗಲೇ ಎದ್ದು ನಿಮ್ಮ ಒಲೆಯ ಹತ್ತಿರ ಹೋಗಿ ಸಟ್ಟುಗ ಕೈಗೆ ತೆಗೆದುಕೊಳ್ಳಿ. ಕತ್ತಿನ ಸಂದು ಉಗುರಲ್ಲಿ ಕೆರೆದು ನೋಡಿ, ಮೂಸಿ ನೋಡಿ. ಹಸಿರು ಬಂದರೆ ಅದು ವಿಷ. ಕಲಾಯಿ ಆಗುವವರೆಗೂ ಅದನ್ನು ಅಡುಗೆಗೆ ತರಬೇಡಿ. ಮರದ ಸಟ್ಟುಗ ಸೀಳಿದ್ದರೆ, ಕಮಟು ವಾಸನೆ ಬಂದರೆ ಒಲೆಗೆ ಹಾಕಿ, ಸೌದೆಯಾದರೂ ಆಗುತ್ತದೆ. ಹುಳಿಗೆ, ಮಜ್ಜಿಗೆಗೆ ಮರದ್ದು ಒಳ್ಳೆಯದು, ಕರಿಯೋಕೆ ಮಗುಚೋಕೆ ಕಬ್ಬಿಣದ್ದು ಒಳ್ಳೆಯದು. ಕಬ್ಬಿಣದ್ದನ್ನು ತೊಳೆದು ಒರೆಸಿ ಒಣಗಿಸಿ, ತುಕ್ಕು ಹಿಡಿಯದ ಹಾಗೆ ಒಂದು ಹನಿ ಎಣ್ಣೆ ಸವರಿ, ಮತ್ತೆ ಬಳಸುವಾಗ ಬಿಸಿನೀರಲ್ಲಿ ತೊಳೆಯಿರಿ. ಮರದ್ದನ್ನು ನೀರಲ್ಲಿ ನೆನೆಹಾಕಿ ಮಲಗಬೇಡಿ, ಬಿಸಿನೀರಲ್ಲಿ ಬೇಗ ತೊಳೆದು ಗಾಳಿಗೆ ಇಡಿ. ಯಾವುದೇ ಆಗಲಿ, ಎಣ್ಣೆಯಲ್ಲಿ, ತುಪ್ಪದಲ್ಲಿ, ಗೊಜ್ಜಿನಲ್ಲಿ ನಿಲ್ಲಿಸಿ ಬಿಡಬೇಡಿ. ಜಿಡ್ಡು ತಣ್ಣೀರಿಗೆ ಬಗ್ಗೋದಿಲ್ಲ. ಇದಕ್ಕೆ ಬೇಕಾದ ಬೂದಿ ನಿಮ್ಮ ಒಲೆಯಲ್ಲೇ ಇದೆ, ನಾರು ನಿಮ್ಮ ಹಿತ್ತಲಲ್ಲೇ ಇದೆ. ಇನ್ನು, ಊಟದಿಂದ ಯಾರಿಗಾದರೂ ಹೊಟ್ಟೆ ಕೆಟ್ಟರೆ ಮೊದಲು ಪಾತ್ರೆ ನೋಡಿ, ನೀರು ನೋಡಿ, ಸಟ್ಟುಗ ನೋಡಿ. ಬೇಯಿಸಿ ಬಡಿಸಿ ದಣಿದ ಹೆಂಗಸಿನ ಕೈ ಹಿಡಿದೆಳೆಯಬೇಡಿ. ಅವಳು ವಿಧವೆಯಾಗಿದ್ದರಂತೂ ಇನ್ನೂ ಮುಂಚೆ ನಿಮ್ಮ ನಾಲಗೆ ಹಿಡಿದುಕೊಳ್ಳಿ.

ಈಗ ಉಳಿದ ಕಥೆ.

ಕಾರ್ತಿಕದಲ್ಲಿ ಸೋಮಶೇಖರಪ್ಪನವರ ಮನೆಯಲ್ಲಿ ಒಂಬತ್ತನೇ ಮಗ್ಗ ಹೂಡುವುದು ಅಂತ ನಿಶ್ಚಯವಾಯಿತು. ನೂರಾರು ಜನಕ್ಕೆ ಊಟ. ಕೊಂಡ್ಲಹಳ್ಳಿಯಿಂದ ಕರೆಸಿದ ಅಡುಗೆಯವರು ಒಂದು ದಿನ ಮಾಡಿ, ಈ ಒಲೆ ನಮಗೆ ಆಗೋದಿಲ್ಲ ಅಂತ ಹೋದರು. ಆಮೇಲೆ ಸೋಮಶೇಖರಪ್ಪನವರೇ ಪಾಲಮ್ಮನ ಮನೆ ಬಾಗಿಲಿಗೆ ಬಂದರು. ಹಿಂದೆ ಸುಲೋಚನಮ್ಮ. ಅವರ ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ಸಟ್ಟುಗ. ನೆರೆಯವರು ಬಾಗಿಲು ಬಾಗಿಲಿಗೆ ಬಂದು ನಿಂತರು.

"ಆದದ್ದು ಆಯ್ತು ಪಾಲಮ್ಮ," ಅಂದರು ಸೋಮಶೇಖರಪ್ಪ. "ಪುರೋಹಿತರನ್ನ ಕೇಳಿದ್ದೀನಿ. ನಿನ್ನ ಕೈಗೆ ಪಂಚಗವ್ಯ ಹಾಕಿಸಿ ಶುದ್ಧಿ ಮಾಡಿಸ್ತೀವಿ. ದೇವರ ಮುಂದೆ ನಿಂತು ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು. ನಾಳೆಯಿಂದ ಬಂದು ಒಲೆ ಹಿಡಿ."

ಪಾಲಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಸಟ್ಟುಗ ತೊಳೀಬಹುದೇನ್ರಿ?"

"ಮತ್ತೆ ಅದೇ ಮಾತು!" ಸುಲೋಚನಮ್ಮ ಬಟ್ಟೆ ಬಿಚ್ಚಿದರು. ಹೊಸದಾಗಿ ತುಪ್ಪ ಸವರಿತ್ತು. "ಹೊಸ ಮಗ್ಗದ ಪೂಜೆ ಆಗೈತೆ. ನೀರು ಕೂಡದು. ಇದರಲ್ಲೇ ಆಗಬೇಕು."

"ಅದರ ಕತ್ತು ನೋಡ್ರಿ ಅಮ್ಮಾರೇ. ಬಿಸಿಲಿಗೆ ಹಿಡಿದು ನೋಡ್ರಿ."

ಸುಲೋಚನಮ್ಮ ನೋಡಲಿಲ್ಲ. ಪಕ್ಕದ ಮನೆಯ ಸಿದ್ದಕ್ಕ ಬಗ್ಗಿ ನೋಡಿದಳು. "ಅಯ್ಯೋ, ಹಸಿರು ಹಿಡಿದೈತಲ್ಲ!" ಅಂತ ಅವಳ ಬಾಯಿಂದ ಬಂದೇಬಿಟ್ಟಿತು. ಹುಳಿಯನ್ನ ತಿಂದು ಮಲಗಿದ್ದ ಇಬ್ಬರು ಮೂವರು ಮುಂದೆ ಬಂದು ಕತ್ತು ಚಾಚಿದರು.

ಸೋಮಶೇಖರಪ್ಪನವರು ಮಾರಣ್ಣನ ಕಡೆ ತಿರುಗಿದರು. "ಲೇ ಮಾರ, ನಿಮ್ಮವ್ವನಿಗೆ ಹೇಳು. ಮೂರನೇ ಮಗ್ಗಕ್ಕೆ ಕೂರೋಕೆ ಬೇರೆ ಜನ ಇದ್ದಾರೆ."

ಮಾರಣ್ಣನ ಮುಖ ಕಪ್ಪಿಟ್ಟಿತು. ಒಮ್ಮೆ ಹೆಂಡತಿಯ ಹೊಟ್ಟೆ ನೋಡಿದ, ಒಮ್ಮೆ ತಾಯಿಯನ್ನು ನೋಡಿದ. "ಅವ್ವ ಏನು ಹೇಳ್ತಾಳೋ ಅದೇ ಯಜಮಾನ್ರೇ," ಅಂದ. ದನಿ ಗಟ್ಟಿಯಾಗೇನೂ ಇರಲಿಲ್ಲ, ಆದರೂ ಅಂದ.

ಸುಲೋಚನಮ್ಮ ಸಟ್ಟುಗವನ್ನು ಮುಂದೆ ಚಾಚಿದರು. "ಹಿಡಿ."

ಪಾಲಮ್ಮ ಎರಡೂ ಕೈ ಸೆರಗಿನೊಳಗೆ ಕಟ್ಟಿಕೊಂಡಳು.

"ನನ್ನ ಕೈಗೆ ಶುದ್ಧಿ ಬೇಡ್ರಿ. ತಪ್ಪಾಯ್ತು ಅಂತಲೂ ಹೇಳಲ್ಲ," ಅಂದಳು. "ಅದನ್ನ ನಾನು ಹಿಡಿಯಲ್ಲ."